ಗಿರಣಿಯಣ್ಣನ ಮಗಳ ಸೀನು

ಬೀದಿಯವರೆಲ್ಲ ಅವನನ್ನು ಗಿರಣಿಯಣ್ಣ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಹಿಟ್ಟಿನ ಯಂತ್ರ, ಒಂದು ಮಸಾಲೆ ಯಂತ್ರ, ಹುಬ್ಬಿನ ಮೇಲೆ ಸದಾ ಒಂದು ಪದರ ಪುಡಿ. ಮನುಷ್ಯ ಕೆಟ್ಟವನಲ್ಲ. ಆದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪುಡಿಗಳ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂಬ ಜಂಬ ಬೇರೆ.

ಒಬ್ಬಳೇ ಮಗಳು. ಅವಳಿಗೆ ಐದು ತುಂಬುವ ಹೊತ್ತಿಗೆ ಪೀಡೆ ಶುರುವಾಯಿತು. ಸಂಜೆ ಅಪ್ಪ ಬಂದನೆಂದು ಓಡಿಬಂದು ಕೊರಳಿಗೆ ಜೋತುಬೀಳುವಳು, ಮರುಕ್ಷಣವೇ ಸೀನು. ಒಂದಲ್ಲ ಎರಡಲ್ಲ, ಹತ್ತು ಹನ್ನೆರಡು. ಕಣ್ಣು ಕೆಂಪಾಗಿ ಎದೆ ಸುಂಯ್‌ಗುಡುವುದು.

"ಖಾರದ ಪುಡಿ, ಇನ್ನೇನು?" ಎಂದು ತೀರ್ಮಾನಿಸಿದ. ಗಿರಣಿಯವನಿಗೆ ಬೇರೆ ಯಾವುದರ ಮೇಲೆ ಅನುಮಾನ ಬಂದೀತು? ಮೆಣಸಿನಕಾಯಿ ಬೀಸಿದ ದಿನ ಅಲ್ಲೇ ನಲ್ಲಿಯ ಕೆಳಗೆ ಸ್ನಾನ ಮಾಡಿ ಬಂದ. ಸೀನು ನಿಲ್ಲಲಿಲ್ಲ. ಕೊನೆಗೆ ಮೆಣಸಿನಕಾಯಿ ಬೀಸುವುದನ್ನೇ ಬಿಟ್ಟ. ಅರ್ಧ ಗಿರಾಕಿಗಳು ಪಕ್ಕದ ಬೀದಿಯ ಗಿರಣಿ ಹಿಡಿದರು. ಸಾಲದ್ದಕ್ಕೆ, ಉಷ್ಣ ಇಳಿಯಲೆಂದು ತಾನೇ ನುಣ್ಣಗೆ ಬೀಸಿದ ಮೆಂತ್ಯ ತಂದು, ಕಲಸಿ, ಮಗಳ ನೆತ್ತಿಗೆ ಹಚ್ಚಿದ. ಮೆಂತ್ಯ ತಂಪು, ಮೆಂತ್ಯ ಔಷಧ. ಅದನ್ನು ಯಾರಾದರೂ ದೂರುವುದುಂಟೇ? ಅಂದು ಮಗುವಿನ ಮುಖ ಊದಿಕೊಂಡಿತು. "ಉಷ್ಣ ಹೊರಗೆ ಬರ್ತಿದೆ," ಎಂದ ಮಹಾರಾಯ.

ಮಗಳಿಗೆ ಒಂಬತ್ತಾದಾಗ ಅವನ ತಾಳ್ಮೆ ಮುಗಿಯಿತು. ಮೆಣಸಿನಕಾಯಿ ಬಿಟ್ಟು ವರ್ಷವಾಗಿದೆ, ಇವಳಿನ್ನೂ ಸೀನುತ್ತಾಳೆ! ಪಿತ್ತ ನೆತ್ತಿಗೇರಿತು.

"ಗಿರಣಿ ಅಪ್ಪ ಅಂದ್ರೆ ಅಸಹ್ಯ ಅಲ್ವಾ ನಿಂಗೆ? ನಾಟಕ ಆಡ್ತೀಯಾ? ಇನ್ನೊಂದ್ಸಲ ನನ್ನ ಮುಂದೆ ಸೀನು, ನೋಡ್ತೀನಿ!"

"ಮಗುಗೆ ಬೇರೇನೋ ಆಗಿರಬಹುದು ರೀ," ಎಂದಳು ಹೆಂಡತಿ.

"ಏನೂ ಇಲ್ಲ, ಸೊಕ್ಕು."

ಮಾರನೆಯ ದಿನದಿಂದ ಸೀನು ನಿಂತೇಹೋಯಿತು. ಪಕ್ಕದ ಕಟಿಂಗ್ ಅಂಗಡಿಯವನ ಮುಂದೆ ಗಿರಣಿಯಣ್ಣ ಎದೆಯುಬ್ಬಿಸಿದ: "ನೋಡಪ್ಪ, ಒಂದೇ ಬೈಗುಳಕ್ಕೆ ವಾಸಿಯಾಯ್ತು!" ಮಗಳು ಕೊರಳಿಗೆ ಜೋತುಬೀಳುವುದೂ ನಿಂತಿತು, ದೊಡ್ಡವಳಾದಳು ಎಂದುಕೊಂಡ. ಕಾಫಿ ಲೋಟ ಇಟ್ಟು ಸರಕ್ಕನೆ ಹಿತ್ತಿಲಿಗೆ ಹೋಗುವಳು, ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸುವಳು. ಅವನಿಗೆ ಒಳಗೊಳಗೇ ನೋವಾಗುತ್ತಿತ್ತು. ಯಾಕೆಂದು ಕೇಳಲು ಬಿಂಕ ಬಿಡಲಿಲ್ಲ.

ಹೀಗೇ ಹತ್ತು ವರ್ಷ. ಹೊಲಿಗೆ ಅಂಗಡಿಯ ಕೆಲಸಕ್ಕೆ ಸೇರಿದ್ದ ಮಗಳು ಒಂದು ಮಧ್ಯಾಹ್ನ ಗೆಳತಿಯ ಡಬ್ಬಿಯಿಂದ ಎರಡು ತುತ್ತು ತಿಂದು ಉಸಿರು ಕಟ್ಟಿ ಬಿದ್ದಳು. ಜೀವ ಉಳಿದದ್ದೇ ಹೆಚ್ಚು. ಆಸ್ಪತ್ರೆಯವರು ತೋಳಿಗೆ ಚುಚ್ಚಿ ಪರೀಕ್ಷೆ ಮಾಡಿದರು. ಫಲಿತಾಂಶ ಕೇಳಲು ಗಿರಣಿಯಣ್ಣ ಕೆಲಸ ಬಿಟ್ಟು ನೇರವಾಗಿ ಓಡಿಬಂದು, ಏದುಸಿರು ಬಿಡುತ್ತ ಮಗಳ ಪಕ್ಕದ ಕುರ್ಚಿಯಲ್ಲಿ ಕೂತ.

"ಮೆಂತ್ಯದ ಅಲರ್ಜಿ," ಎಂದರು ಡಾಕ್ಟರಮ್ಮ. "ಬಹಳ ಅಪರೂಪ. ಪುಡಿ ಗಾಳಿಯಲ್ಲಿದ್ರೂ ಸಾಕು. ಚಿಕ್ಕವಳಿದ್ದಾಗ ತೊಂದರೆ ಇತ್ತಾ?"

ಗಿರಣಿಯಣ್ಣ ಕುರ್ಚಿಯ ತುದಿಗೆ ಸರಿದ. "ಇತ್ತು ಡಾಕ್ಟ್ರೇ... ಒಂಬತ್ತನೇ ವಯಸ್ಸಿಗೆ ತಾನಾಗೇ ಹೋಯ್ತು."

"ಹೋಗಿರಲಿಲ್ಲ," ಎಂದಳು ಮಗಳು. ದನಿಯಲ್ಲಿ ದೂರೇನೂ ಇರಲಿಲ್ಲ. "ಅಪ್ಪ ಹತ್ತಿರ ಇದ್ದಾಗ ಉಸಿರು ಹಿಡ್ಕೋತಿದ್ದೆ. ಹಿತ್ತಿಲಿಗೆ ಹೋಗಿ ಬಿಡ್ತಿದ್ದೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಹಾಳು ಜಂಬ! ಬೈಯುವ ಬದಲು ಒಂದು ದಿನ, ಒಂದೇ ಒಂದು ದಿನ, ಕೇಳಿದ್ದರೆ? ತಿರುಗಿ ನೋಡಿದ. ಮಗಳು ತುಟಿ ಬಿಗಿದು ಕೂತಿದ್ದಳು. ಬೆಳಿಗ್ಗೆ ಮೆಂತ್ಯ ಬೀಸಿದ ಅಂಗಿಯಲ್ಲೇ ಅವನು ಬಂದಿದ್ದ.

ಗಿರಣಿಯಣ್ಣ ಎದ್ದು, ಬಾಗಿಲು ದಾಟಿ, ಕಾರಿಡಾರಿನ ಆ ಕೊನೆಯ ಗೋಡೆಯವರೆಗೂ ಹೋಗಿ ನಿಂತ.

"ನಾನು ಇಲ್ಲೇ ಇರ್ತೀನಿ ಮಗಳೇ," ಎಂದು ಅಲ್ಲಿಂದಲೇ ಕೂಗಿದ. "ನೀನು ಉಸಿರಾಡು."