ಸಾರಮ್ಮನವರ ಮಜ್ಜಿಗೆ

ಗೆಳೆಯರೇ, ಇವತ್ತು ಒಂದು ಲೋಟ ಮಜ್ಜಿಗೆ ನಮ್ಮ ಮಾನ ಕಳೆಯಿತು.

ಪಾದ್ರಿ ದೊರೆಗಳು ಚಳ್ಳಕೆರೆ ಸಭೆಯವರನ್ನು ಸಣ್ಣ ಸಣ್ಣ ಕೂಟಗಳಾಗಿ ಹಂಚಿ, "ಬುಧವಾರ ಒಬ್ಬೊಬ್ಬರ ಮನೆಯಲ್ಲಿ ಸೇರಿ ಪ್ರಾರ್ಥಿಸಿ, ಅನ್ಯೋನ್ಯತೆ ಬೆಳೆಯಲಿ" ಎಂದಿದ್ದರು. ಇಂದು ಮಧ್ಯಾಹ್ನ ಸಾರಮ್ಮನವರ ಮನೆಯ ಸರದಿ. ಅನ್ಯೋನ್ಯತೆಗೆ ಹೊರಟ ನಾವು ಐವರೂ ಮನೆಯಿಂದಲೇ ಒಂದೊಂದು ಚೆಂಬು ನೀರು ಹಿಡಿದು ಹೋಗಿದ್ದೆವು. ದೀಕ್ಷಾಸ್ನಾನವಾಗಿ ವರ್ಷಗಳೇ ಕಳೆದರೂ ಬೇರೆ ಜಾತಿಯಿಂದ ಬಂದವರ ಮನೆಯ ನೀರು ನಮ್ಮ ಗಂಟಲಿಗೆ ಇಳಿಯುತ್ತಿರಲಿಲ್ಲ.

ಸಾರಮ್ಮ ಚೆಂಬುಗಳನ್ನೆಲ್ಲ ಜಗುಲಿಯ ಮೇಲೆ ಇಡಿಸಿ, ಒಬ್ಬೊಬ್ಬರ ಮುಂದೆ ಒಂದು ಲೋಟ ಮಜ್ಜಿಗೆ ಇಟ್ಟರು.

"ಈಗ್ತಾನೆ ಕುಡ್ದು ಬಂದ್ವಿ ಕಣಮ್ಮ" ಎಂದರು ನಮ್ಮ ಐವರಲ್ಲಿ ಹಿರಿಯರಾದ ಮೊಳಕಾಲ್ಮೂರಿನವರು.

"ಹಂಗಾದ್ರೆ ಪ್ರಾರ್ಥನೆ ಮಾಡಾನ, ಕಣ್ಣು ಮುಚ್ರಿ."

ಮುಚ್ಚಿದೆವು.

"ಸ್ವಾಮಿ, ಭಾನುವಾರ ದೇವಾಲಯದಾಗೆ ಇವರೆಲ್ಲ ಒಂದೇ ಬಟ್ಲಿಗೆ ಬಾಯಿಟ್ಟು ದ್ರಾಕ್ಷಾರಸ ಕುಡೀತಾರೆ. ಬುಧವಾರ ಇವರ ಗಂಟ್ಲಿಗೆ ಏನಾಗೈತೋ ನೀನೇ ನೋಡಪ್ಪ. ನಂಗೇನೂ ಅವಸರ ಇಲ್ಲ."

ನಿಜಕ್ಕೂ ಇರಲಿಲ್ಲ. ಆದಾಮನಿಂದ ಶುರು ಮಾಡಿದರು. ಆಮೆನ್ ಅನ್ನುವ ಮುಂಚೆ ಯಾರೂ ಏಳುವಂತಿಲ್ಲ. ಹೊರಗೆ ಸುಡು ಬಿಸಿಲು. ಮೋಶೆ ಸಮುದ್ರ ದಾಟುವ ಹೊತ್ತಿಗೆ ಪಕ್ಕದಲ್ಲಿ ಯಾರೋ ಗುಟುಕು ನುಂಗಿದ ಸದ್ದಾಯಿತು. ಕಣ್ಣು ಮುಚ್ಚಿಕೊಂಡೇ ನಾನೂ ಕೈ ಚಾಚಿದೆ.

ಆಮೆನ್ ಕೇಳಿ ಕಣ್ಣು ಬಿಟ್ಟರೆ ಐದೂ ಲೋಟ ಖಾಲಿ. ಎಲ್ಲರೂ ಮೀಸೆ ಒರೆಸಿಕೊಳ್ಳುತ್ತಿದ್ದೆವು.

ನಮ್ಮ ಚೆಂಬುಗಳ ನೀರನ್ನು ಸಾರಮ್ಮ ಎಮ್ಮೆಯ ಮುಂದೆ ಸುರಿದಿಟ್ಟರು. ಯಾರ ಮನೆಯ ನೀರೆಂದು ಕೇಳದೆ ಅದು ಕುಡಿಯಿತು. ಪಾಪ, ಅದಕ್ಕಿನ್ನೂ ದೀಕ್ಷಾಸ್ನಾನವಾಗಿಲ್ಲ.