ಎಲ್ರೂ ಆಚೆ ಬಂದ್ರಾ?

ಎದುರುಮನೆ ದೊಡ್ಡಮ್ಮನ ಕಾಲ್ಬೆರಳುಗಳು ಅಗಲವಾಗಿ ಹರಡಿಕೊಂಡಿದ್ದವು. ಎಲ್ಲಿ ನಿಂತರೂ ಹೆಬ್ಬೆರಳನ್ನು ನೆಲಕ್ಕೆ ಒತ್ತಿಯೇ ನಿಲ್ಲುತ್ತಿದ್ದರು. ನಂದಿದುರ್ಗವೆಂಬ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಚರಂಡಿಯಷ್ಟೇ ಅಡ್ಡ. ನಾನು ಚಪ್ಪಲಿ ತಂದುಕೊಟ್ಟರೆ ಬಾಗಿಲ ಹಿಂದಕ್ಕೆ ಎಸೆದುಬಿಡುತ್ತಿದ್ದರು. "ಇದಾಕ್ಕೊಂಡ್ರೆ ನೆಲದ ಮಾತು ಕೇಳ್ಸಲ್ಲ ಕಣೇ" ಎನ್ನುವರು.

ನೆಲದ ಮಾತೆಂದರೆ ಏರ್‌ಬ್ಲಾಸ್ಟ್. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಪಾತ್ರೆಗಳು ಗಡಗಡ ಅಲುಗುತ್ತಿದ್ದವು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಗುಡುಗು ನಿಂತಿಲ್ಲ. ಶಬ್ದ ಕೇಳಿದ್ದೇ ದೊಡ್ಡಮ್ಮ ಬೀದಿಗೆ ಓಡಿ ಬಂದು, ಒಂದೊಂದೇ ಬಾಗಿಲು ಬಡಿದು, "ಎಲ್ರೂ ಆಚೆ ಬಂದ್ರಾ?" ಎಂದು ಕೂಗುತ್ತಿದ್ದರು. ಕೊನೆಯವರು ಬರುವ ತನಕ ಕೂರುತ್ತಿರಲಿಲ್ಲ. ಗಣಿ ಬಾಗಿಲಲ್ಲಿ ಕಾದ ಹೆಂಗಸರ ಪದ್ಧತಿ ಅದು. ಗಂಡಸರು ಮೇಲೆ ಬರುವ ಮುಂಚೆ ಕೂತರೆ ಕೆಡುಕು.

ನಾನು ಚಿಕ್ಕವಳಿದ್ದಾಗ ಒಂದು ದಿನ ಬ್ಲಾಸ್ಟ್ ಆಗಿ, ದೊಡ್ಡಮ್ಮನೂ ನನ್ನ ಅಮ್ಮನೂ ಗಣಿ ಬಾಗಿಲಲ್ಲಿ ಹಾಗೆಯೇ ಕಾದರು. ನನ್ನ ಅಪ್ಪ ಮೈಯೆಲ್ಲ ಧೂಳಾಗಿ ಮೇಲೆ ಬಂದರು. "ನಿನ್ ಗಂಡ ಬಂದ್ನಲ್ಲ, ಓಗಿ ನೀರ್ ಕಾಯ್ಸು" ಎಂದು ಅಮ್ಮನನ್ನು ದೊಡ್ಡಮ್ಮನೇ ಮನೆಗೆ ಅಟ್ಟಿದರಂತೆ. ಅಮ್ಮ ಸಾಯುವ ತನಕ ಅದನ್ನು ಹೇಳಿ ಅಳುತ್ತಿದ್ದಳು. ಏಕೆಂದರೆ ದೊಡ್ಡಮ್ಮನ ಗಂಡ ಬರಲಿಲ್ಲ. ಬಿದ್ದ ಬಂಡೆಯ ಆಚೆ ಹೋಗಲಾಗದೆ ಆ ಸುರಂಗವನ್ನೇ ಮುಚ್ಚಿದರು. ಹೆಣ ಕಾಣದೆ ತಾಳಿ ತೆಗೆಯುವುದಿಲ್ಲ ಎಂದು ದೊಡ್ಡಮ್ಮ ಹಟ ಹಿಡಿದರು. ನೆಂಟರು ಬೈದರು, ಆಮೇಲೆ ಬರುವುದನ್ನೇ ಬಿಟ್ಟರು. ಇವರು ಕುಂಕುಮ ಇಟ್ಟುಕೊಂಡು ಕಾಯುತ್ತಲೇ ಉಳಿದರು.

ಸಮುದ್ರ ನೋಡುವ ಆಸೆ ಅವರದೇ. "ನಮ್ ಪಕ್ಕದ್ ಲೈನು ಕೋರಮಂಡಲ್‌ಗೆ ಆ ದೊರೆಗಳು ಎಸ್ರು ಎಲ್ಲಿಂದ ತಂದ್ರೋ, ಆ ಊರ್ ತೋರ್ಸೇ" ಎಂದರು. ಅದು ಊರಲ್ಲ, ಕರಾವಳಿ ಎಂದರೆ ನಂಬಲಿಲ್ಲ. ನಾನೂ ನನ್ನ ಗಂಡನೂ ಅವರನ್ನು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ, ಆ ತಮಿಳು ಕರಾವಳಿಯ ತರಂಗಂಬಾಡಿಗೆ ಕರೆದುಕೊಂಡು ಹೋದೆವು. ಡೇನಿಷರ ಹಳೆಯ ಕೋಟೆ, ಬೆವರು ಒಣಗದ ಸೆಕೆ. ಅಂದು ಕಡಲು ಕಪ್ಪಗಿತ್ತು. ದೋಣಿಗಳನ್ನೆಲ್ಲ ಮರಳಿನ ಮೇಲೆ ಎಳೆದಿಟ್ಟಿದ್ದರು. ದೊಡ್ಡಮ್ಮ ಮರಳಿಗೆ ಕಾಲಿಟ್ಟವರೇ ಮುಖ ಗಂಟಿಕ್ಕಿದರು. "ಈ ನೆಲ ಸರಿಯಿಲ್ಲ. ಒಳಗೊಳಗೇ ನರಳ್ತದೆ."

ಕೋಟೆಯ ಕೆಳಗೆ, ಹಿಂದೆ ಸರಕು ಇಡುತ್ತಿದ್ದ ಕಮಾನಿನ ಕತ್ತಲೆ ಕೋಣೆಗಳಿವೆ. ನಾವು ಅಲ್ಲಿಗೆ ಇಳಿದಿದ್ದಾಗ ದೊಡ್ಡ ಅಲೆಯೊಂದು ಹೊರಗೆ ಅಪ್ಪಳಿಸಿತು. ಗೋಡೆ ಧಿಮ್ಮೆಂದಿತು.

"ಬ್ಲಾಸ್ಟ್! ಆಚೆ ಬನ್ರೋ! ವೆಳಿಯೆ ವಾಂಗೋ!" ಎಂದು ದೊಡ್ಡಮ್ಮ ಕನ್ನಡ, ತಮಿಳು ಎರಡರಲ್ಲೂ ಕಿರುಚಿದರು. ಕೋಟೆ ನೋಡಲು ಬಂದಿದ್ದ ಜನರೆಲ್ಲ ಬೆದರಿ ಹೊರಗೆ ಓಡಿದರು. ಬರೀ ಅಲೆಯೆಂದು ತಿಳಿದ ಮೇಲೆ ನಕ್ಕರು. ನನಗೆ ನಗು ಬರಲಿಲ್ಲ. ದೊಡ್ಡಮ್ಮ ಆ ಬಾಗಿಲನ್ನೇ ನೋಡುತ್ತ ನಿಂತುಬಿಟ್ಟಿದ್ದರು.

"ಎಲ್ಲ ಬಂದ್ರು ದೊಡ್ಡಮ್ಮ, ನಡೀರಿ" ಎಂದೆ.

"ಇನ್ನೊಬ್ರು ಬರ್ಬೇಕು."

ಎಷ್ಟು ಕರೆದರೂ ಕದಲಲಿಲ್ಲ. ಬಾಗಿಲು ಮುಚ್ಚುವ ಹೊತ್ತಿಗೆ ಕಾವಲುಗಾರ ಟಾರ್ಚ್ ಹಿಡಿದು ಒಳಗೆಲ್ಲ ಸುತ್ತಿ ಬಂದ. "ಉಳ್ಳೆ ಯಾರುಮಿಲ್ಲಮ್ಮಾ" ಎಂದ, ಒಳಗೆ ಯಾರೂ ಇಲ್ಲವೆಂದು.

"ನಲ್ಲಾ ಪಾತ್ತಿಯಾ?" ಸರಿಯಾಗಿ ನೋಡಿದೆಯಾ ಎಂದು ದೊಡ್ಡಮ್ಮ ಕೇಳಿದರು.

"ಪಾತ್ತುಟ್ಟೇನ್‌ಮ್ಮಾ" ನೋಡಿಯಾಯಿತಮ್ಮ ಎಂದು ಅವನು ಬೀಗ ಜಡಿದ.

ಒಳಗೆ ನೋಡಿದೆ, ಯಾರೂ ಇಲ್ಲ ಎಂಬ ಇಷ್ಟು ಮಾತನ್ನು ಗಣಿ ಬಾಗಿಲಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ದೊಡ್ಡಮ್ಮ ಮೆಲ್ಲಗೆ ನಡೆದು ಹೋಗಿ ಮರಳ ಮೇಲೆ ಕೂತರು. ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡು, ತಾಳಿ ಬಿಚ್ಚಿ ನೀರಿಗೆ ಹಾಕಿದರು. ಅಳಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು, ಆದರೆ ಹೆದರಿಕೆಯಾಯಿತು. ಇಷ್ಟು ವರ್ಷ ಅವರನ್ನು ಎತ್ತಿ ನಿಲ್ಲಿಸಿದ್ದನ್ನೇ ಅಲ್ಲಿ ಬಿಟ್ಟು ಬರುತ್ತಿದ್ದೇವೆ ಅನ್ನಿಸಿತು.

ಊರಿಗೆ ಬಂದ ಮೇಲೆ ಅವರ ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ತೀರಿಕೊಳ್ಳುವ ಹಿಂದಿನ ವಾರ, ನಾನು ಗಂಡನ ಮನೆಯಿರುವ ಬಂಗಾರಪೇಟೆಯಿಂದ ನೋಡಲು ಬಂದಿದ್ದ ಬೆಳಿಗ್ಗೆಯೇ, ನೆಲ ಮತ್ತೆ ಗುಡುಗಿತು. ಬೀದಿಯವರೆಲ್ಲ ಆಚೆ ಬಂದು ಅವರ ಕೂಗಿಗಾಗಿ ಕಾದರು. ಕೂಗು ಬರಲಿಲ್ಲ. ನಾನು ಒಳಗೆ ಓಡಿದೆ. ದೊಡ್ಡಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಸೂರಿನ ತಗಡು ಇನ್ನೂ ನಡುಗುತ್ತಿತ್ತು.

"ಏಳಿ ದೊಡ್ಡಮ್ಮ, ಆಚೆ ಬನ್ನಿ" ಎಂದು ಕೈ ಹಿಡಿದು ಎಳೆದೆ.

ಅವರು ಕೈ ಬಿಡಿಸಿಕೊಂಡರು. "ನೀನೋಗು. ಈಗ ಯಾರ್ ಬತ್ತಾರೇಂತ ನಾನ್ ಆಚೆ ನಿಂತ್ಕಳ್ಳಿ?"