ಮುನಿರಾಜು ಅವರ ಆರನೇ ವಿಡಿಯೊ

ಶಕುನ, ಮುನ್ಸೂಚನೆ, ಕನಸು ನಿಜವಾಗುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅಮ್ಮ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎನ್ನುವಾಗ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಎರಡು ವರ್ಷದ ಹಿಂದೆ ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ, ಹಾಡಹಗಲಲ್ಲಿ, ನಾನು ಕಂಡದ್ದನ್ನು ಯಾರಿಗೂ ಹೇಳದೆ ಇರಲೂ ಆಗುತ್ತಿಲ್ಲ. ನಂಬುವುದು ಬಿಡುವುದು ನಿಮ್ಮಿಷ್ಟ.

ಕಂಪನಿಗಳಿಗೆ ತರಬೇತಿ ವಿಡಿಯೊ ಮಾಡಿಕೊಡುವುದು ನನ್ನ ಕೆಲಸ. ಮೊದಲೆಲ್ಲ ಕ್ಯಾಮೆರಾ, ಲೈಟು, ಮೇಕಪ್ಪು ಅಂತ ಎರಡು ದಿನ ಹಿಡಿಯುತ್ತಿತ್ತು. ಈಗ ಒಬ್ಬರು ಹತ್ತು ನಿಮಿಷ ಕ್ಯಾಮೆರಾ ಮುಂದೆ ಕೂತು ಮಾತಾಡಿದರೆ ಸಾಕು. ಎಐ ಅವರ ಮುಖ, ದನಿ ಎರಡನ್ನೂ ಕಲಿತು ಒಂದು ಅವತಾರ್ ತಯಾರು ಮಾಡುತ್ತದೆ. ಆಮೇಲೆ ನಾವು ಏನು ಟೈಪ್ ಮಾಡಿದರೂ ಅದು ಅವರ ಹಾಗೇ ಹೇಳುತ್ತದೆ, ಅವರಿಗೆ ಬಾರದ ಭಾಷೆಯಲ್ಲೂ.

ಮುನಿರಾಜು ನಮ್ಮಲ್ಲಿಗೆ ಬಂದದ್ದು ಹಾಗೆ. ಆಫೀಸುಗಳಿಗೆ ಕ್ಯಾಬ್ ಓಡಿಸುವ ಕಂಪನಿಯೊಂದರಲ್ಲಿ ಹೊಸ ಡ್ರೈವರ್‌ಗಳಿಗೆ ಪಾಠ ಹೇಳುವವರು. ಬೇಗೂರಿನವರು, ಐವತ್ತು ದಾಟಿತ್ತು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆದಮೇಲೆ ಮೂರು ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಕೆಲಸ ಮಾಡಲೇಬೇಕಾದ ಜರೂರು ಇರಲಿಲ್ಲ. ಮನೆಯಲ್ಲಿ ಕೂತರೆ ಮಾತಾಡಲು ಯಾರೂ ಸಿಗುವುದಿಲ್ಲ, ಅದಕ್ಕೇ ಬರುತ್ತೇನೆ ಎನ್ನುತ್ತಿದ್ದರು. ಅವರ ಪಾಠ ಕೇಳಿದ ಡ್ರೈವರ್‌ಗಳು ಕಡಿಮೆ ತಪ್ಪು ಮಾಡುತ್ತಾರೆಂದು ಕಂಪನಿಯವರಿಗೂ ಅನಿಸಿತ್ತು. ಹಾಗಾಗಿ ಅವರ ಅವತಾರ್ ಬೇಕು, ಕನ್ನಡದ ಜೊತೆ ತಮಿಳು, ತೆಲುಗು, ಹಿಂದಿಯಲ್ಲೂ ಬೇಕು ಅಂದರು. ಮುನಿರಾಜು ಅವರಿಗೆ ತೆಲುಗು ಒಂದಕ್ಷರ ಬಾರದು. ತಾವು ತೆಲುಗು ಮಾತಾಡುವುದನ್ನು ನೋಡಬೇಕೆಂದು ಮಗುವಿನ ಹಾಗೆ ಕಾಯುತ್ತಿದ್ದರು.

ಒಟ್ಟು ಹನ್ನೊಂದು ವಿಡಿಯೊ. ಐದು ಸಲೀಸಾಗಿ ಆದವು. ಆರನೆಯದು ಸುಸ್ತು, ನಿದ್ದೆ ಬಂದಾಗ ಡ್ರೈವರ್ ಏನು ಮಾಡಬೇಕು ಎಂಬುದರ ಬಗ್ಗೆ. ‘ಗಾಡಿ ಪಕ್ಕಕ್ಕೆ ಹಾಕಿ’ ಎಂಬ ಮಾತಿನ ಹತ್ತಿರ ಬಂದಾಗ ಅವತಾರ್‌ನ ಬಾಯಿಯ ಬಲ ತುದಿ ಮೆಲ್ಲಗೆ ಕೆಳಗೆ ಜಾರಿತು. ಬಲಗಣ್ಣಿನ ರೆಪ್ಪೆ ಅರ್ಧ ಇಳಿಯಿತು. ಮಾತು ಗಂಟಲಲ್ಲೇ ಕಲಸಿಹೋಗಿ, ಅಂಬಲಿ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸಿತು.

ಇಂಥ ದೋಷ ನಮಗೆ ಹೊಸದಲ್ಲ. ಹಲ್ಲು ಹೆಚ್ಚಾಗುತ್ತವೆ, ಕತ್ತು ಒಂದು ಕ್ಷಣ ಉದ್ದವಾಗುತ್ತದೆ. ಆದರೆ ಮತ್ತೊಮ್ಮೆ ಮಾಡಿಸಿದರೆ ಆ ದೋಷ ಹೋಗಿ ಇನ್ನೊಂದು ಬರುತ್ತದೆ. ಇದು ಹೋಗಲಿಲ್ಲ. ಒಟ್ಟು ನಾಲ್ಕು ಸಲ ಮಾಡಿಸಿದೆ, ನಾಲ್ಕು ಸಲವೂ ಅದೇ ಜಾಗದಲ್ಲಿ ಅದೇ ರೀತಿ ಜಾರಿತು. ಅದೇ ಮಾತನ್ನು ಬೇರೆ ಮುಖಕ್ಕೆ ಕೊಟ್ಟೆ, ಸರಿಯಾಗಿ ಹೇಳಿತು. ಮುನಿರಾಜು ಅವರ ಮುಖಕ್ಕೆ ಬೇರೆ ಮಾತು ಕೊಟ್ಟೆ, ಅದೂ ಸರಿಯಾಗಿತ್ತು.

ಸೋಮವಾರ ಮಧ್ಯಾಹ್ನ ಅವರೇ ನೋಡಿ ಒಪ್ಪಿಗೆ ಕೊಡಲು ಬಂದರು. ಉಳಿದ ಹತ್ತನ್ನೂ ತೋರಿಸಿ, ಇದೊಂದರಲ್ಲಿ ಸ್ವಲ್ಪ ಪ್ರಾಬ್ಲಂ ಇದೆ ಅಂತ ಆರನೆಯದನ್ನೂ ಹಾಕಿದೆ. ಅವರು ಮುಂದಕ್ಕೆ ಬಾಗಿ ನೋಡಿದರು. ಮುಗಿದ ಮೇಲೆ ನಕ್ಕರು.

“ನಮ್ಮಪ್ಪನ್ನ ನೋಡ್ದಂಗಾಯ್ತು ಮೇಡಂ. ಕೊನೇಲಿ ಎರಡು ವರ್ಷ ಹಿಂಗೇ ಇದ್ರು.”

ಸರಿ ಮಾಡುತ್ತೇನೆ ಸಾರ್, ಸಾರಿ ಅಂದೆ. ಮಾಡಿ, ಇಲ್ಲದಿದ್ದರೆ ಡ್ರೈವರ್‌ಗಳು ಹೆದರಿಕೊಳ್ಳುತ್ತಾರೆ ಅಂದರು. ಟೀ ಕುಡಿದು ಹೋದರು.

ಅವರ ತಂದೆಗೆ ಏನಾಗಿತ್ತೆಂದು ನಾನು ಕೇಳಲಿಲ್ಲ. ಬಿಪಿ ಗಿಪಿ ನೋಡಿಸಿಕೊಂಡಿದೀರಾ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಂಪ್ಯೂಟರಿನ ದೋಷ ನೋಡಿ ಎದುರಿಗೆ ಗಟ್ಟಿಮುಟ್ಟಾಗಿ ಕೂತ ಮನುಷ್ಯನಿಗೆ ಡಾಕ್ಟರ ಹತ್ತಿರ ಹೋಗಿ ಎನ್ನುವುದು ಹೇಗೆ? ಮಾರನೆಯ ದಿನ ಆ ವಾಕ್ಯವನ್ನೇ ಬದಲಾಯಿಸಿದೆ. ‘ಗಾಡಿ ನಿಲ್ಲಿಸಿ’ ಎಂದು ಬರೆದೆ. ಮುಖ ನೆಟ್ಟಗಾಯಿತು. ಕೆಟ್ಟ ನಾಲ್ಕನ್ನೂ ಅಳಿಸಿಹಾಕಿ ಕೆಲಸ ಒಪ್ಪಿಸಿದೆ.

ಮೂರು ವಾರವೂ ಆಗಿರಲಿಲ್ಲ. ಅವರ ಕಂಪನಿಯಿಂದ ಫೋನ್ ಬಂತು. ಮುನಿರಾಜು ಬೆಳಗ್ಗೆ ಶೇವ್ ಮಾಡಿಕೊಳ್ಳುವಾಗ ಕುಸಿದು ಬಿದ್ದರಂತೆ. ಪಾರ್ಶ್ವವಾಯು.

ಜಯನಗರದ ಆಸ್ಪತ್ರೆಗೆ ನೋಡಲು ಹೋದೆ. ವಾರ್ಡಿನಲ್ಲಿ ಅವರ ಹೆಂಡತಿ ರತ್ನಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ನಾನು ಮಂಚದ ಹತ್ತಿರ ಹೋಗಿ ನಿಂತೆ. ಮುನಿರಾಜು ನನ್ನ ಕಡೆ ತಿರುಗಿದರು. ಹೋಲಿಕೆ ಇತ್ತು ಎಂದು ಹೇಳುತ್ತಿಲ್ಲ. ಅದೇ ಮುಖ. ಬಾಯಿ ಅಷ್ಟೇ ಜಾರಿತ್ತು, ರೆಪ್ಪೆ ಅಷ್ಟೇ ಇಳಿದಿತ್ತು. ನನ್ನ ಗುರುತು ಹತ್ತಿ ಏನೋ ಹೇಳಲು ಹೋದರು. ಆ ದನಿಯನ್ನು ನಾನು ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಸಲ ಕೇಳಿದ್ದೆ. ರತ್ನಮ್ಮ ಅವರಿಗೆ ಹೇಳಿ ಹೊರಟುಬಂದೆ.

ನನ್ನ ಚಿಕ್ಕಮ್ಮನ ಮಗಳು ನರರೋಗದ ಡಾಕ್ಟರು. ಅವಳಿಗೆ ಎಲ್ಲ ಹೇಳಿದೆ. ರೆಕಾರ್ಡಿಂಗಿನಲ್ಲೇ ಮುಖ ಸ್ವಲ್ಪ ಓರೆ ಇದ್ದಿರಬಹುದು, ನಮ್ಮ ಕಣ್ಣಿಗೆ ಕಾಣದ್ದನ್ನು ಯಂತ್ರ ದೊಡ್ಡದು ಮಾಡಿ ತೋರಿಸಿರಬಹುದು ಅಂದಳು. ನನಗೆ ಎಷ್ಟೋ ಹಗುರವಾಯಿತು. ಇಬ್ಬರೂ ಕೂತು ಆ ಹತ್ತು ನಿಮಿಷದ ರೆಕಾರ್ಡಿಂಗನ್ನು ಚೂರುಚೂರಾಗಿ ನೋಡಿದೆವು. ಅವಳು ಮತ್ತೆ ಮತ್ತೆ ನಿಲ್ಲಿಸಿ ನೋಡಿ ಕೊನೆಗೆ ತಲೆಯಾಡಿಸಿದಳು. ಏನೂ ಇರಲಿಲ್ಲ. ಓರೆ ಇದ್ದಿದ್ದರೂ ಒಂದೇ ವಾಕ್ಯದಲ್ಲಿ ಮಾತ್ರ ಯಾಕೆ ಬರಬೇಕು ಎಂದು ಅವಳೇ ನನ್ನನ್ನು ಕೇಳಿದಳು. ನಾನು ಅಳಿಸಿದ್ದ ವಿಡಿಯೊಗಳು ಅಷ್ಟು ಹೊತ್ತಿಗೆ ಸಂಪೂರ್ಣ ಹೋಗಿಬಿಟ್ಟಿದ್ದವು. ತೋರಿಸಲು ನನ್ನ ಬಳಿ ಏನೂ ಉಳಿದಿಲ್ಲ.

ಕಂಪನಿಯಲ್ಲಿ ಮುನಿರಾಜು ಅವರ ಅವತಾರ್ ಇಂದಿಗೂ ನಾಲ್ಕು ಭಾಷೆಯಲ್ಲಿ ಪಾಠ ಹೇಳುತ್ತಿದೆ. ಅವರಿಗೆ ಮಾತ್ರ ‘ನೀರು’, ‘ಬಾ’ ಬಿಟ್ಟರೆ ಬೇರೆ ಮಾತು ಬರುವುದಿಲ್ಲ.

ಆರು ತಿಂಗಳಾದ ಮೇಲೆ ರತ್ನಮ್ಮ ಫೋನ್ ಮಾಡಿ ಆ ವಿಡಿಯೊಗಳನ್ನು ಕೇಳಿದರು. ಇವರ ಮಾತು ಕೇಳಬೇಕು ಅನಿಸುತ್ತದೆ ಅಂದರು. ಕಂಪನಿಯವರ ಅನುಮತಿ ತೆಗೆದುಕೊಂಡು, ಪೆನ್‌ಡ್ರೈವಿಗೆ ಹಾಕಿ ಬೇಗೂರಿಗೆ ನಾನೇ ಒಯ್ದೆ. ನಡುಮನೆಯ ಟಿವಿಯಲ್ಲಿ ಹಾಕಿದೆ. ಮುನಿರಾಜು ಕುರ್ಚಿಯಲ್ಲಿ ಕೂತು ತಮ್ಮನ್ನು ತಾವು ನೋಡಿದರು. ತೆಲುಗು ಬಂದಾಗ ರತ್ನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಮುನಿರಾಜು ನಗಲಿಲ್ಲ. ಎಡಗೈಯಲ್ಲಿ ಹೆಗಲ ಮೇಲಿನ ಟವೆಲ್ ಎಳೆದು ಮುಖ ಮುಚ್ಚಿಕೊಂಡರು. ನಾನು ಟಿವಿ ಆರಿಸಿದೆ.

ಹೊರಡುವಾಗ ರತ್ನಮ್ಮ ಬಾಗಿಲವರೆಗೆ ಬಂದರು.

“ಅವತ್ತು ನೀವೇನೋ ತೋರಿಸಿದ್ರಂತೆ. ಮನೆಗೆ ಬಂದು, ಕಂಪ್ಯೂಟರ್ ನನ್ನನ್ನ ನಮ್ಮಪ್ಪನ್ನ ಮಾಡ್ಬಿಡ್ತು ಅಂತ ನಗ್ತಾ ಹೇಳಿದ್ರು. ಆ ಕಂಪ್ಯೂಟರ್‌ಗೆ ಮುಂಚೇನೇ ಗೊತ್ತಿತ್ತಾ ಮೇಡಂ?”

ಅವರ ಹಿಂದೆ ಕುರ್ಚಿಯಲ್ಲಿ ಮುನಿರಾಜು ಟವೆಲ್ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು.

ಇಲ್ಲ ಅಂದೆ. ಹೇಳಿದ್ದು ನಿಜವೋ ಸುಳ್ಳೋ, ನನಗೆ ಇವತ್ತಿಗೂ ಗೊತ್ತಿಲ್ಲ.